ಬಾಗಿಲು ಒಳಗಿನಿಂದ ತೆರೆಯುತ್ತದೆಯೇ?



ಮನೆಗೆ ದೊಡ್ಡದೊಂದು ವಸ್ತು ಕೊಳ್ಳುವ ಮಾತು ಬಂದಾಗ ನಾವೆಲ್ಲರೂ ಮೊದಲು ಕೇಳುವುದು ಬೆಲೆಯನ್ನು. ಅದು ತಪ್ಪಲ್ಲ. ಬೆವರು ಸುರಿಸಿ ಗಳಿಸಿದ ಹಣವನ್ನು ಲೆಕ್ಕ ಹಾಕಿಯೇ ಖರ್ಚು ಮಾಡಬೇಕು. ಆದರೆ ಬೆಲೆಗಿಂತ ಮೊದಲು ಕೇಳಬೇಕಾದ ಒಂದೆರಡು ಪ್ರಶ್ನೆಗಳಿವೆ ಎಂಬುದು ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ನಡೆದ ಒಂದು ಘಟನೆಯಿಂದ ನನಗೆ ಮನವರಿಕೆಯಾಯಿತು. ಘಟನೆ ನಡೆದದ್ದು ದೂರದ ಅಮೆರಿಕದಲ್ಲಿ. ಆದರೆ ಅದರಲ್ಲಿ ನಮ್ಮ ನಿಮ್ಮ ಮನೆಗೂ ಬೇಕಾದ ಮಾತಿದೆ.

ಈ ತಂಗಿ ಡಲ್ಲಾಸ್ ನಗರದಲ್ಲಿ ನರ್ಸ್. ಅಲ್ಲಿನ ಆಸ್ಪತ್ರೆಗಳು ಸಿಬ್ಬಂದಿ ಸಾಲದಾದಾಗ ಬೇರೆ ಊರುಗಳ ನರ್ಸ್‌ಗಳನ್ನು ಸಾಮಾನ್ಯವಾಗಿ 13 ವಾರಗಳ ಕರಾರಿನ ಮೇಲೆ ಕರೆಸಿಕೊಳ್ಳುತ್ತವೆ. ಸಂಬಳ ಹೆಚ್ಚು, ಆದರೆ ಬಿಡಾರದ ಚಿಂತೆ ನಮ್ಮದು. ಅರಿಝೋನಾ ರಾಜ್ಯದಲ್ಲಿ ಇವಳಿಗೆ ಅಂತಹ ಕೆಲಸ ಸಿಕ್ಕಿತು. ದಾರಿ ಸುಮಾರು 1,700 ಕಿಲೋಮೀಟರ್. ಮೂರು ತಿಂಗಳಿಗೆ ಮನೆ ಬಾಡಿಗೆಗೆ ಹಿಡಿಯಲು ಹೋದರೆ ಬಾಡಿಗೆ ಕೈ ಸುಡುತ್ತದೆ. ಪತಿಯದು ಮನೆಯಲ್ಲೇ ಕುಳಿತು ಮಾಡುವ ಕಂಪ್ಯೂಟರ್ ಕೆಲಸ. ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಮಗಳಿಗೆ ಉಬ್ಬಸ. ಮಕ್ಕಳನ್ನು ಮನೆಯಲ್ಲೇ ಓದಿಸಲು ಅಲ್ಲಿ ಕಾನೂನಿನ ಅವಕಾಶವಿದೆ. ಹಾಗಾಗಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಒಂದು ಟ್ರೇಲರ್‌ನಲ್ಲಿ ನಾಲ್ವರೂ ಒಟ್ಟಿಗೆ ಇರುವುದು ಎಂದು ತೀರ್ಮಾನವಾಯಿತು.

ಎಂತಹ ಟ್ರೇಲರ್ ಎಂಬಲ್ಲಿ ಗಂಡ ಹೆಂಡತಿಯ ಅಭಿಪ್ರಾಯ ಬೇರೆಯಾಯಿತು. ಅವಳು ನನಗೆ ಫೋನು ಮಾಡಿ, "ಆಪಾ, ಇವರು ಸರಕಿನ ಡಬ್ಬಿಯಲ್ಲಿ ಸಂಸಾರ ಮಾಡೋಣ ಎನ್ನುತ್ತಾರೆ. ನೀವಾದರೂ ಹೇಳಿ" ಎಂದಳು. ನನಗೆ ಟ್ರೇಲರ್ ಬಗ್ಗೆ ಏನೂ ತಿಳಿದಿರಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಹೇಳುವ ಮಾತನ್ನೇ ಹೇಳಿದೆ: "ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎರಡರ ಗುಣವನ್ನೂ ಎರಡರ ದೋಷವನ್ನೂ ಇಬ್ಬರೂ ಕೂತು ಬರೆಯಿರಿ. ಆಮೇಲೆ ಜಗಳವಾಡಿ." ಅವರು ಬರೆದು ಕಳುಹಿಸಿದ್ದನ್ನು ಓದುತ್ತಾ ನಾನೂ ಒಂದಿಷ್ಟು ಕಲಿತೆ.

ಒಂದು ಬಗೆಯದು ಟ್ರಾವೆಲ್ ಟ್ರೇಲರ್. ಕಾರ್ಖಾನೆಯಲ್ಲೇ ವಾಸಕ್ಕೆಂದು ತಯಾರಾದ ಗಾಡಿಮನೆ. ಅಮೆರಿಕದ ಬಹುಪಾಲು ಟ್ರಾವೆಲ್ ಟ್ರೇಲರ್‌ಗಳು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಊರು ಮತ್ತು ಅದರ ಸುತ್ತಮುತ್ತ ತಯಾರಾಗುತ್ತವೆ. ಹಾಸಿಗೆ, ಅಡುಗೆ ಒಲೆ, ಫ್ರಿಜ್, ಶೌಚಾಲಯ, ಸ್ನಾನದ ಜಾಗ, ಕಿಟಕಿಗಳು ಎಲ್ಲವೂ ಇರುತ್ತವೆ. ಕೆಳಗೆ ಮೂರು ಟ್ಯಾಂಕುಗಳು: ಒಂದು ಶುದ್ಧ ನೀರಿಗೆ, ಒಂದು ಪಾತ್ರೆ ತೊಳೆದ ಮತ್ತು ಸ್ನಾನದ ನೀರಿಗೆ, ಇನ್ನೊಂದು ಶೌಚದ ಹೊಲಸಿಗೆ. ಹೊಸದಾದರೆ ಬೆಲೆ ಇಪ್ಪತ್ತು ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತದೆ.

ಇನ್ನೊಂದು ಕಾರ್ಗೋ ಟ್ರೇಲರ್. ನಮ್ಮ ರಸ್ತೆಗಳಲ್ಲಿ ಕಾಣುವ ಕಂಟೇನರ್ ಲಾರಿಯ ಡಬ್ಬಿಯನ್ನು ಚಿಕ್ಕದು ಮಾಡಿ ಎರಡು ಅಥವಾ ನಾಲ್ಕು ಚಕ್ರಗಳ ಮೇಲೆ ಇಟ್ಟಂತೆ. ಬಡಗಿಗಳು ತಮ್ಮ ಹತಾರಗಳನ್ನು, ಮನೆ ಬದಲಿಸುವವರು ಸಾಮಾನುಗಳನ್ನು ಸಾಗಿಸಲು ಬಳಸುವ ಗಾಡಿ. ಕಬ್ಬಿಣದ ಚೌಕಟ್ಟು, ಹೊರಗೆ ತೆಳು ಲೋಹದ ತಗಡು, ಒಳಗೆ ಪ್ಲೈವುಡ್. ಅಷ್ಟೇ. ಕಿಟಕಿಯೂ ಇಲ್ಲ, ನೀರೂ ಇಲ್ಲ, ದೀಪವೂ ಇಲ್ಲ. 6 ಅಡಿ ಅಗಲ 12 ಅಡಿ ಉದ್ದದ್ದು ಕೆಲವೇ ಸಾವಿರ ಡಾಲರಿಗೆ ಸಿಗುತ್ತದೆ. ಕೈಯಲ್ಲಿ ಕೆಲಸವಿರುವವರು ಇದನ್ನು ಕೊಂಡು, ಕಿಟಕಿ ಕೊರೆದು, ಹಾಸಿಗೆ ಕಪಾಟು ಜೋಡಿಸಿ, ಮನೆ ಮಾಡಿಕೊಳ್ಳುತ್ತಾರೆ.

ತಂಗಿಯ ಪತಿ ಬರೆದ ಕಾರಣಗಳಲ್ಲಿ ಹುರುಳಿರಲಿಲ್ಲವೆಂದಲ್ಲ. ಕಾರ್ಖಾನೆಯ ಗಾಡಿಮನೆಯ ಛಾವಣಿ ಮತ್ತು ಗೋಡೆಗಳಲ್ಲಿ ಕಿಟಕಿ, ಗಾಳಿಕಂಡಿ, ಕೊಳವೆಗಳಿಗೆಂದು ಹತ್ತಾರು ತೂತುಗಳಿರುತ್ತವೆ. ಅವುಗಳ ಸುತ್ತ ಬಳಿದ ಅಂಟು ಬಿಸಿಲಿಗೆ ಒಣಗಿ ಬಿರಿದರೆ ಮಳೆ ನೀರು ಒಳಗಿಳಿದು, ಮೇಲೆ ಏನೂ ಕಾಣದೆಯೇ ಮರದ ಚೌಕಟ್ಟು ಒಳಗಿಂದೊಳಗೆ ಕೊಳೆಯುತ್ತದೆ. ಸರಕಿನ ಡಬ್ಬಿಯಲ್ಲಿ ತೂತುಗಳು ಕಡಿಮೆ, ಚೌಕಟ್ಟು ಗಟ್ಟಿ. ಏನು ಕೆಟ್ಟರೂ ತಾವೇ ರಿಪೇರಿ ಮಾಡಬಹುದು. ಬೇಡವಾದಾಗ ಒಳಗಿನದನ್ನು ಕಳಚಿ ಮಾರಿದರೆ ಬಡಗಿಯೊಬ್ಬ ಕೊಂಡೊಯ್ಯುತ್ತಾನೆ.

ತೂಕದ ಲೆಕ್ಕವೂ ಅವರ ಕಡೆಗೇ ಇತ್ತು. ಪ್ರತಿ ಕಾರಿಗೂ ಇಷ್ಟೇ ಎಳೆಯಬಲ್ಲದು ಎಂಬ ಮಿತಿಯಿದೆ. ಟ್ರೇಲರಿಗೂ ಒಟ್ಟು ಇಷ್ಟೇ ತೂಕ ಎಂಬ ಮಿತಿಯಿದೆ. ಚಿಕ್ಕ ಸರಕಿನ ಡಬ್ಬಿಗಳಿಗೆ ಆ ಮಿತಿ ಹೆಚ್ಚಾಗಿ ಸುಮಾರು 1,350 ಕಿಲೋ. ಮಕ್ಕಳಿಗೂ ಹಾಸಿಗೆಯಿರುವ 20 ಅಡಿಯ ಗಾಡಿಮನೆ ಖಾಲಿ ಇದ್ದಾಗಲೇ 1,800 ಕಿಲೋ ತೂಗಬಹುದು. ಅದರ ಮೇಲೆ ಬಟ್ಟೆ, ಪಾತ್ರೆ, ದಿನಸಿ, ನೀರು. ನೀರಿನ ಭಾರವನ್ನು ನಾವು ಮರೆಯುತ್ತೇವೆ. 150 ಲೀಟರ್ ತುಂಬಿಸಿದರೆ 150 ಕಿಲೋ ಸೇರಿತು. ಇದಲ್ಲದೆ ಟ್ರೇಲರಿನ ಒಟ್ಟು ಭಾರದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕಂತೆ. ಹಿಂದುಗಡೆ ಭಾರ ಹೆಚ್ಚಾದರೆ ಓಡುವಾಗ ಗಾಡಿ ಹಾವಿನಂತೆ ಹೊರಳಾಡಿ ಕಾರನ್ನೂ ಉರುಳಿಸಬಹುದು.

ತಂಗಿಯ ಕಡೆಯ ಕಾರಣಗಳು ಬೇರೆ. ಅವಳದು ರಾತ್ರಿ ಪಾಳಿ. ಹಗಲು ನಿದ್ದೆ ಮಾಡಬೇಕು. ಒಂದೇ ಕೋಣೆಯ ಡಬ್ಬಿಯಲ್ಲಿ ಇಬ್ಬರು ಮಕ್ಕಳು ಓದುತ್ತಾ ಆಡುತ್ತಾ ಇರುವಾಗ ತಾಯಿ ಎಲ್ಲಿ ಮಲಗುವುದು? ಒಂಬತ್ತು ವರ್ಷದ ಹುಡುಗಿ ಬಟ್ಟೆ ಎಲ್ಲಿ ಬದಲಾಯಿಸುವುದು? ಐದು ಜನ ನೋಡುವಂತೆ ಬಕೆಟ್ ಹಿಡಿದು ಶೌಚಕ್ಕೆ ನಡೆಯಬೇಕೇ? ವುಝೂ, ಅಡುಗೆ, ಪಾತ್ರೆ ಎಂದು ದಿನಕ್ಕೆ ಬೇಕಾಗುವ ನೀರಿಗೆ ಏನು ವ್ಯವಸ್ಥೆ? ಇನ್ನೊಂದು ತೊಡಕೂ ಇತ್ತು. ಇಂತಹ ಗಾಡಿಗಳನ್ನು ನಿಲ್ಲಿಸಿ ನೀರು, ವಿದ್ಯುತ್ ಪಡೆಯುವ ಖಾಸಗಿ ಪಾರ್ಕುಗಳಲ್ಲಿ ಕೆಲವು, ಕೈಯಾರೆ ಮಾಡಿಕೊಂಡ ಗಾಡಿಗಳಿಗೆ ಜಾಗ ಕೊಡುವುದಿಲ್ಲ. ವಿಮೆಯವರೂ ಹಿಂಜರಿಯುತ್ತಾರೆ. ಸರಕಾರಿ ಕಾಡುಗಳಲ್ಲಿ ಹೆಚ್ಚಿನ ಕಡೆ ಉಚಿತವಾಗಿ ತಂಗಬಹುದಾದರೂ ಸಾಮಾನ್ಯವಾಗಿ 14 ದಿನಗಳ ಮಿತಿಯಿದೆ, ನೀರು ದೀಪಗಳಿಲ್ಲ. 13 ವಾರ ಆಸ್ಪತ್ರೆಗೆ ಹೋಗಿ ಬರುವವಳಿಗೆ ಅದು ಆಗದ ಮಾತು.

ಹೀಗೆ ಹಾಳೆ ತುಂಬಿತು. ಆದರೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿತ್ತು. ಹಣದ ವ್ಯತ್ಯಾಸ ನೋಡಿ ತಂಗಿ ಸೋಲೊಪ್ಪುವ ಹಂತಕ್ಕೆ ಬಂದಿದ್ದಳು. ಕೊಳ್ಳುವ ಮೊದಲು ಒಂದು ರಾತ್ರಿ ಮಲಗಿ ನೋಡೋಣವೆಂದು ಪರಿಚಯದವರೊಬ್ಬರ ಖಾಲಿ ಸರಕಿನ ಡಬ್ಬಿಯನ್ನು ತಂದು ಮನೆಯ ಹಿತ್ತಲಲ್ಲಿ ನಿಲ್ಲಿಸಿದರು. ನವೆಂಬರ್ ತಿಂಗಳ ಚಳಿ. ಹಾಸಿಗೆ ಹಾಸಿ, ಬಾಗಿಲು ಮುಚ್ಚಿಕೊಂಡು ನಾಲ್ವರೂ ಮಲಗಿದರು.

ಬೆಳಗಿನ ಜಾವ ಎದ್ದಾಗ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆ ಬಂದಿರಲಿಲ್ಲ. ಅದು ಅವರದೇ ಉಸಿರಿನ ತೇವ. ನಿದ್ದೆಯಲ್ಲಿ ಒಬ್ಬೊಬ್ಬರ ಉಸಿರು ಮತ್ತು ಮೈಯಿಂದ ರಾತ್ರಿಗೆ ಹೆಚ್ಚುಕಡಿಮೆ ಒಂದು ಲೋಟ ನೀರು ಆವಿಯಾಗಿ ಹೋಗುತ್ತದೆ. ಗಾಳಿ ಆಡದ ಕಡೆ ಅದು ತಣ್ಣನೆಯ ಲೋಹಕ್ಕೆ ತಗುಲಿ ಮತ್ತೆ ನೀರಾಗುತ್ತದೆ. ದಿನಾ ಹೀಗಾದರೆ ಪ್ಲೈವುಡ್ಡಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಉಬ್ಬಸದ ಮಗುವಿಗೆ ಬೂಷ್ಟು ಎಂದರೇನು ಎಂದು ಉಬ್ಬಸದ ಮಕ್ಕಳನ್ನು ಸಾಕಿದ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಅದಕ್ಕಿಂತ ದೊಡ್ಡದು ಮಧ್ಯಾಹ್ನ ನಡೆಯಿತು. ಮಗಳು ತನ್ನ ಪುಸ್ತಕ ತರಲು ಡಬ್ಬಿಯೊಳಗೆ ಹೋಗಿದ್ದಳು. ತಮ್ಮ ಹೊರಗೆ ಆಡುತ್ತಿದ್ದವನು ಬಾಗಿಲು ತಳ್ಳಿ ಹೊರಗಿನ ಕಬ್ಬಿಣದ ಅಗುಳಿಯನ್ನು ಎಳೆದ. ಅನೇಕ ಸರಕಿನ ಟ್ರೇಲರ್‌ಗಳ ಬಾಗಿಲಿಗೆ ಅಗುಳಿ ಇರುವುದು ಹೊರಗೆ ಮಾತ್ರ. ಸರಕು ಒಳಗಿನಿಂದ ಬಾಗಿಲು ತೆರೆಯುವುದಿಲ್ಲವಲ್ಲ! ಹುಡುಗ ಆಟದಲ್ಲಿ ಮರೆತು ಓಡಿಹೋದ. ತಾಯಿ ಮಲಗಿದ್ದಳು, ತಂದೆ ಕಿವಿಗೆ ಹೆಡ್‌ಫೋನ್ ಹಾಕಿ ಕೆಲಸದಲ್ಲಿದ್ದ. ಹತ್ತು ಹದಿನೈದು ನಿಮಿಷದ ನಂತರ ತಂದೆ ಹುಡುಕಿಕೊಂಡು ಬಂದು ತೆರೆದಾಗ ಮಗು ಕತ್ತಲಲ್ಲಿ ಕೂಗಿ ಕೂಗಿ ಉಬ್ಬಸ ಕಟ್ಟಿ ಕೂತಿತ್ತು. ಇನ್‌ಹೇಲರ್ ಮನೆಯೊಳಗಿತ್ತು. ಅಲ್ಲಾಹನ ಕೃಪೆ, ಹೆಚ್ಚಿನ ಅನಾಹುತವಾಗಲಿಲ್ಲ.

ಆ ಸಂಜೆ ತಂಗಿಯ ಪತಿಯೇ ನನಗೆ ಫೋನು ಮಾಡಿದರು. "ಆಪಾ, ನಾನು ಕಪಾಟು ಎಲ್ಲಿಡುವುದು, ಬ್ಯಾಟರಿ ಎಲ್ಲಿಡುವುದು ಎಂದು ಒಂದು ತಿಂಗಳಿಂದ ಚಿತ್ರ ಬರೆಯುತ್ತಿದ್ದೆ. ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ಒಮ್ಮೆಯೂ ನೋಡಲಿಲ್ಲ" ಎಂದರು. ಅವರ ಧ್ವನಿ ಭಾರವಾಗಿತ್ತು.

ಹಾಗೆಂದು ಸರಕಿನ ಟ್ರೇಲರ್ ಕೆಟ್ಟದ್ದು ಎಂದು ನೀವು ಭಾವಿಸಬಾರದು. ಒಳಗಿನಿಂದ ತೆರೆಯುವ ಬಾಗಿಲು, ಆಪತ್ತಿನಲ್ಲಿ ಹೊರಗೆ ಹಾರಬಹುದಾದಷ್ಟು ದೊಡ್ಡ ಕಿಟಕಿ, ತಗಡಿಗೆ ಅಂಟಿದಂತೆ ಫೋಮ್ ಹಲಗೆ, ಛಾವಣಿಯಲ್ಲಿ ಗಾಳಿ ಎಳೆಯುವ ಫ್ಯಾನು, ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು ಪತ್ತೆ ಹಚ್ಚಿ ಕೂಗುವ ಯಂತ್ರಗಳು, ಇಷ್ಟನ್ನು ಅರಿತವರ ಕೈಯಿಂದ ಮಾಡಿಸಿದರೆ ಒಬ್ಬರು ಇಬ್ಬರು ದೊಡ್ಡವರಿಗೆ, ವಾರಗಟ್ಟಲೆ ಅಲ್ಲದ ಪ್ರವಾಸಕ್ಕೆ, ಅದು ಅಗ್ಗದ ಗಟ್ಟಿ ಗಾಡಿ. ಆದರೆ ಇಷ್ಟೆಲ್ಲ ಮಾಡಿದ ಮೇಲೆ ಮೊದಲಿನ ಅಗ್ಗದ ಬೆಲೆ ಉಳಿಯುವುದಿಲ್ಲ. ಹಗುರವೂ ಉಳಿಯುವುದಿಲ್ಲ. ಇದನ್ನು ಅವರ ಹಾಳೆಯಲ್ಲಿ ಯಾರೂ ಬರೆದಿರಲಿಲ್ಲ.

ಕಾರ್ಖಾನೆಯ ಗಾಡಿಮನೆ ಎಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಬಡಿದು ಮನೆ ಕಳೆದುಕೊಂಡವರಿಗೆ ಅಮೆರಿಕ ಸರಕಾರ ಒಂದು ಲಕ್ಷಕ್ಕೂ ಹೆಚ್ಚು ಗಾಡಿಮನೆಗಳನ್ನು ಕೊಟ್ಟಿತು. ಅವುಗಳಲ್ಲಿದ್ದವರಿಗೆ ಕಣ್ಣುರಿ, ಮೂಗಿನಲ್ಲಿ ರಕ್ತ, ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 519 ಗಾಡಿಮನೆಗಳ ಗಾಳಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಹಲಗೆಗಳ ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಸಾಮಾನ್ಯ ಮನೆಗಳಿಗಿಂತ ಬಹಳ ಹೆಚ್ಚಿತ್ತು. ಬಿಸಿಲು ಏರಿದಂತೆ ಅದು ಇನ್ನೂ ಹೆಚ್ಚುವುದರಿಂದ ಬೇಸಿಗೆಗೆ ಮೊದಲೇ ಜನರನ್ನು ಬೇರೆಡೆಗೆ ಸಾಗಿಸಬೇಕೆಂದು ಕೇಂದ್ರ ಸಲಹೆ ಮಾಡಿತು. 2010ರಲ್ಲಿ ಇಂತಹ ಹಲಗೆಗಳಿಗೆ ಮಿತಿ ಹೇರುವ ಕಾನೂನು ಬಂತು. ಆದರೂ ಹೊಸ ಗಾಡಿಯ ಮುಚ್ಚಿದ ಬಾಗಿಲು ತೆರೆದಾಗ ಮೂಗಿಗೆ ಚುಚ್ಚುವ ವಾಸನೆ ಬಂದರೆ ಉಬ್ಬಸದ ಮಗುವನ್ನು ಕೂಡಲೇ ಅಲ್ಲಿ ಮಲಗಿಸಬಾರದು. ಕಾಲ ಕಳೆದಂತೆ ಈ ಅನಿಲ ಕಡಿಮೆಯಾಗುತ್ತದೆ.

ಆದ್ದರಿಂದಲೇ ಅವರು ಹೊಸದನ್ನು ಬಿಟ್ಟು ನಾಲ್ಕು ವರ್ಷ ಹಳೆಯ, ತಮ್ಮ ಗಾಡಿ ಎಳೆಯಬಲ್ಲಷ್ಟೇ ತೂಕದ ಗಾಡಿಮನೆಯನ್ನು ಆರಿಸಿದರು. ಬೆಲೆಯೂ ಇಳಿದಿತ್ತು. ಕೊಳ್ಳುವ ಮೊದಲು ತೇವ ಅಳೆಯುವ ಉಪಕರಣವನ್ನು ಗೋಡೆಯ ಮೂಲೆಮೂಲೆಗೆ ಹಿಡಿದು ನೋಡಿದರು. ಮೊದಲು ನೋಡಿದ ಒಂದು ಗಾಡಿ ಕಣ್ಣಿಗೆ ಬಲು ಅಂದವಾಗಿತ್ತು. ಆದರೆ ಹಾಸಿಗೆಯ ಹಿಂದಿನ ಗೋಡೆ ಬೆರಳಿನಿಂದ ಒತ್ತಿದರೆ ಮೆತ್ತಗಿತ್ತು. ಅದನ್ನು ಬಿಟ್ಟರು. ತಂಗಿಯ ಪತಿ ತಮ್ಮ ಕೈಕೆಲಸದ ಆಸೆಯನ್ನು ಛಾವಣಿಯ ಅಂಟು ಬಳಿಯುವುದರಲ್ಲಿ, ಮಕ್ಕಳ ಮೇಲಟ್ಟದ ಹಾಸಿಗೆಗೆ ತಡೆಗಟ್ಟು ಮಾಡುವುದರಲ್ಲಿ ತೀರಿಸಿಕೊಂಡರು. ಮೊದಲ ರಾತ್ರಿ ಅವರು ಮಾಡಿಸಿದ ಪಾಠವೇನು ಗೊತ್ತೇ? ದೀಪ ಆರಿಸಿ, ಇಬ್ಬರು ಮಕ್ಕಳಿಂದಲೂ ಬಾಗಿಲನ್ನೂ ಆಪತ್ತಿನ ಕಿಟಕಿಯನ್ನೂ ಕತ್ತಲಲ್ಲಿ ತೆರೆಸಿದರು.

ಸಹೋದರಿಯರೇ, ನಮ್ಮಲ್ಲಿ ಹೆಚ್ಚಿನವರು ಟ್ರೇಲರ್ ಕೊಳ್ಳುವವರಲ್ಲ. ಆದರೆ ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿದು ಜೀವ ಹೋದ ಸುದ್ದಿಯನ್ನು ಬೆಂಗಳೂರಿನಿಂದ ನಾವು ಮತ್ತೆ ಮತ್ತೆ ಓದುತ್ತೇವೆ. ಗಾಡಿಮನೆಯಲ್ಲಿ ಭಯಪಡುವ ಕಾರ್ಬನ್ ಮೊನಾಕ್ಸೈಡ್ ಅನಿಲವೇ ಇಲ್ಲಿಯೂ ಕೊಲ್ಲುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಕೆಂಡದ ಬಟ್ಟಲನ್ನು ಮುಚ್ಚಿದ ಕೋಣೆಯೊಳಗೆ ಇಟ್ಟು ಮಲಗುವುದೂ ಇಷ್ಟೇ ಅಪಾಯ. ಮನೆ ಕಟ್ಟುವಾಗ ನಮ್ಮನ್ನು ಅಡುಗೆಕೋಣೆಯ ಕಲ್ಲಿನ ಬಣ್ಣ ಯಾವುದಿರಲಿ ಎಂದು ಕೇಳುತ್ತಾರೆ. ನಾವು ಅದಕ್ಕೆ ಉತ್ತರಿಸುವ ಮೊದಲು ಸ್ನಾನದ ಕೋಣೆಗೆ ಗಾಳಿಕಂಡಿ ಎಲ್ಲಿದೆ, ಗೀಸರ್ ಹೊರಗಿಡಲು ಜಾಗವಿದೆಯೇ, ಕಿಟಕಿಯ ಸರಳುಗಳಲ್ಲಿ ಒಂದಾದರೂ ತೆರೆಯುತ್ತದೆಯೇ, ಮಗು ಒಳಗಿಂದ ಚಿಲಕ ಹಾಕಿಕೊಂಡರೆ ಹೊರಗಿಂದ ತೆಗೆಯುವುದು ಹೇಗೆ ಎಂದು ಕೇಳೋಣ. ಇಷ್ಟು ಕೇಳಲು ಇಂಜಿನಿಯರ್ ಆಗಬೇಕಿಲ್ಲ.

ಈಗಾಗಲೇ ಕಟ್ಟಿದ ಮನೆಯಲ್ಲಿರುವವರು ಇಂದು ಸಂಜೆ ಒಂದು ಕೆಲಸ ಮಾಡಿ. ಮನೆಯ ಪ್ರತಿ ಬಾಗಿಲ ಚಿಲಕವನ್ನೂ ನಿಮ್ಮ ಅತ್ಯಂತ ಚಿಕ್ಕ ಮಗುವಿನ ಕೈಯಿಂದ ತೆಗೆಸಿ ನೋಡಿ. ತೆಗೆಯಲಾಗದ ಚಿಲಕ ಯಾವುದಿದೆಯೋ ಅದನ್ನು ನಾಳೆಯೇ ಬದಲಿಸಿ.