ಅದು ಬರೀ ಕುತೂಹಲವಲ್ಲ

ಅಪರಿಚಿತರನ್ನು ‘ಯಾವ ದೇಶದವರು’ ಎಂದು ಕೇಳುವುದು ಬರೀ ಕುತೂಹಲ, ಅದಕ್ಕೆ ಜನಾಂಗಭೇದದ ಹಣೆಪಟ್ಟಿ ಹಚ್ಚಬೇಡಿ ಎಂಬ ಲೇಖನವನ್ನು (ಕಳೆದ ವಾರದ ಸಂಚಿಕೆ) ಓದಿದೆ. ಒಪ್ಪಲಾರೆ.

ಹುಬ್ಬಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಂಡದ್ದು ಹೇಳುತ್ತೇನೆ. ಸಿದ್ದಿ ಹೆಂಗಸೊಬ್ಬರು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. ಪಕ್ಕದ ಪ್ರಯಾಣಿಕರು ಹರಕುಮುರುಕು ಇಂಗ್ಲಿಷಿನಲ್ಲಿ ದೇಶ ಯಾವುದೆಂದು ಕೇಳಿದರು. ಆಕೆ, ‘ಯಲ್ಲಾಪುರ. ಬಸ್ಸು ಎಷ್ಟೊತ್ತಿಗೆ ಬರ್ತದೆ?’ ಎಂದರು. ಬಸ್ಸಿನ ಸಮಯ ಯಾರೂ ಹೇಳಲಿಲ್ಲ. ‘ಕನ್ನಡ ಎಲ್ಲಿ ಕಲಿತ್ರಿ?’ ಎಂಬ ಇನ್ನೊಂದು ಪ್ರಶ್ನೆ ಬಂತು. ಆಕೆ ಸೆರಗು ತಲೆಗೆಳೆದುಕೊಂಡು ಮುಖ ತಿರುಗಿಸಿದರು.

ಆಫ್ರಿಕಾ ಮೂಲದ ಈ ಸಿದ್ದಿ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆತಲಾಂತರದಿಂದ ಬಾಳಿದವರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಷ್ಟಾದರೂ ತಮ್ಮದೇ ಜಿಲ್ಲೆಯ ಗಡಿ ದಾಟಿದೊಡನೆ ಅವರು ಪರದೇಶಿಗಳು!

ಕೇಳುವವರ ಮನಸ್ಸು ಶುದ್ಧವಾಗಿರುತ್ತದೆ ಎನ್ನುತ್ತಾರೆ ಲೇಖಕರು. ಇರಬಹುದು. ಆದರೆ ಉತ್ತರಿಸುವವರಿಗೆ ಅದು ಆ ದಿನದ ಎಷ್ಟನೆಯ ಪ್ರಶ್ನೆ ಎಂಬುದನ್ನು ಅವರು ಯೋಚಿಸಿಯೇ ಇಲ್ಲ. ಅದೇ ಬೆಂಚಿನ ಮೇಲೆ ನಾನೂ ಒಂದು ತಾಸು ಕೂತಿದ್ದೆ. ನನ್ನ ಊರು ಯಾವುದೆಂದು ಯಾರೂ ಕೇಳಲಿಲ್ಲ.