ತೊಳೆಯದ ಮೂರು ರೀಲುಗಳ ಬೆನ್ನು ಹತ್ತಿ

1995ರ ಮೇ ಕೊನೆಯ ವಾರ. ಫ್ರಾನ್ಸಿನ ಕಾನ್‌ ಚಿತ್ರೋತ್ಸವದಲ್ಲಿ ಬಾಲ್ಕನ್‌ ನಾಡಿನ ಗಾಯಗಳನ್ನು ಕುರಿತ ಎರಡು ಸಿನಿಮಾಗಳು ಪೈಪೋಟಿಗಿಳಿದಿದ್ದವು. ಎಮಿರ್‌ ಕುಸ್ತುರಿತ್ಸಾ ಅವರ ‘ಅಂಡರ್‌ಗ್ರೌಂಡ್‌’ ಪಾಮ್‌ ಡಿ’ಓರ್‌ ಗೆದ್ದಿತು. ಎರಡನೆಯ ದೊಡ್ಡ ಪ್ರಶಸ್ತಿಯಾದ ಗ್ರ್ಯಾನ್‌ ಪ್ರಿ, ಗ್ರೀಸಿನ ಥಿಯೊ ಆಂಗೆಲೋಪುಲೋಸ್‌ ಅವರ ‘ಯುಲಿಸಿಸ್‌ ಗೇಜ್‌’ ಪಾಲಾಯಿತು. ಆಂಗೆಲೋಪುಲೋಸ್‌ ವೇದಿಕೆಯ ಮೇಲೆಯೇ ಮುನಿಸು ತೋರಿದ್ದನ್ನು ಸಿನಿಮಾ ಮಂದಿ ಇಂದಿಗೂ ನೆನೆಯುತ್ತಾರೆ. ನೆನೆಯಬೇಕಾದ ಸಂಗತಿ ಬೇರೆಯೇ ಇದೆ. ಅದೇ ವಾರ, ಮೇ 25ರ ಸಂಜೆ, ಬೋಸ್ನಿಯಾದ ತುಜ್ಲಾ ಪಟ್ಟಣದ ಚೌಕದಲ್ಲಿ ಬಿದ್ದ ಶೆಲ್‌ಗೆ 71 ಜನ ಬಲಿಯಾದರು. ಹೆಚ್ಚಿನವರು ಹರೆಯದವರು. ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರದಷ್ಟು ಗಂಡಸರು, ಹುಡುಗರ ನರಮೇಧ ನಡೆಯಿತು. ಬೋಸ್ನಿಯಾ ಯುದ್ಧ ಮುಗಿದ ಮೇಲೆ ಕೂತು ನೆನಪಿನಿಂದ ಕಟ್ಟಿದ ಸಿನಿಮಾ ‘ಯುಲಿಸಿಸ್‌ ಗೇಜ್‌’ ಅಲ್ಲ. ಹೆಣ ಬೀಳುತ್ತಿರುವಾಗಲೇ ತೆಗೆದದ್ದು.

ಅಂಥ ಹೊತ್ತಿನಲ್ಲಿ ಆಂಗೆಲೋಪುಲೋಸ್‌ ಆರಿಸಿಕೊಂಡ ಕಥೆ ಏನು? ಅಮೆರಿಕದಿಂದ ತಾಯ್ನಾಡಿಗೆ ಮರಳಿದ ಗ್ರೀಕ್‌ ನಿರ್ದೇಶಕನೊಬ್ಬ ಹಳೆಯ ಮೂರು ರೀಲುಗಳನ್ನು ಹುಡುಕಿಕೊಂಡು ಹೊರಡುತ್ತಾನೆ. ಯಾರೂ ರಾಸಾಯನಿಕದಲ್ಲಿ ತೊಳೆಯದ, ಯಾರೂ ನೋಡದ ರೀಲುಗಳು. ನೀರಿಗೆ ಸಾಲು ನಿಂತವರ ಮೇಲೆ ಗುಂಡು ಹಾರುತ್ತಿದ್ದ ಬೋಸ್ನಿಯಾದ ಸರಾಯೆವೊಗೆ ರೀಲು ಹುಡುಕಿಕೊಂಡು ಹೋಗುವುದು ಕಲಾವಿದನ ಆತ್ಮರತಿಯಲ್ಲವೇ ಎಂಬ ಪ್ರಶ್ನೆ ಯಾರಿಗಾದರೂ ಏಳುತ್ತದೆ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್‌ ಎಬರ್ಟ್‌ ಈ ಚಿತ್ರಕ್ಕೆ ಕೊಟ್ಟಿದ್ದು ಒಂದೇ ನಕ್ಷತ್ರ. ಸುಮಾರು ಮೂರು ಗಂಟೆಯ ನಿಧಾನಗತಿಯನ್ನು ತಾಳಲಾರದೆ ಎದ್ದುಹೋದವರೂ ಇದ್ದಾರೆ. ಆ ಪ್ರಶ್ನೆ ಕೇಳಲೇಬೇಕಾದದ್ದು. ಆದರೆ ಅದನ್ನು ಎಲ್ಲರಿಗಿಂತ ಕಠೋರವಾಗಿ ಕೇಳಿಕೊಂಡಿರುವುದು ಈ ಸಿನಿಮಾವೇ.

ರೀಲುಗಳು ಕಲ್ಪನೆ, ಅವನ್ನು ತೆಗೆದರೆನ್ನಲಾದ ಅಣ್ಣತಮ್ಮಂದಿರು ನಿಜವಾಗಿ ಇದ್ದವರು. ಯಾನಾಕಿ ಮತ್ತು ಮಿಲ್ಟನ್‌ ಮನಾಕಿ, ಬಾಲ್ಕನ್‌ ಸಿನಿಮಾದ ಮೊದಲಿಗರು. ಲಂಡನ್‌ನಿಂದ ತಂದ ಕ್ಯಾಮೆರಾದಲ್ಲಿ ತಮ್ಮ ಹುಟ್ಟೂರು ಅವ್‌ಡೆಲ್ಲಾದಲ್ಲಿ ನೂಲುವ, ನೇಯುವ ಹೆಂಗಸರನ್ನು ಚಿತ್ರೀಕರಿಸಿದರು. ಅವರ ನಡುವೆ ಈ ಸೋದರರ ಮುದಿ ಅಜ್ಜಿಯೂ ಇದ್ದಾಳೆ. ‘ಯುಲಿಸಿಸ್‌ ಗೇಜ್‌’ ಆರಂಭವಾಗುವುದೇ ಆ ತುಣುಕಿನಿಂದ. ಅಂದು ಅದು ಒಟ್ಟೊಮನ್‌ ಸಾಮ್ರಾಜ್ಯದ ಹಳ್ಳಿ, ಇಂದು ಗ್ರೀಸಿನದು. ಸೋದರರು ಬಾಳು ಕಟ್ಟಿಕೊಂಡ ಬಿತೋಲಾ ಇಂದು ಉತ್ತರ ಮ್ಯಾಸಿಡೋನಿಯಾದಲ್ಲಿದೆ. ಅವರು ವ್ಲಾಕ್‌ ಸಮುದಾಯದವರು. ಹಳ್ಳಿಯ ಮದುವೆಯನ್ನೂ 1911ರಲ್ಲಿ ಬಂದ ಸುಲ್ತಾನನ ಮೆರವಣಿಗೆಯನ್ನೂ ಒಂದೇ ಕುತೂಹಲದಿಂದ ಸೆರೆಹಿಡಿದವರು. ಅವರು ತಮ್ಮವರೆಂದು ಇಂದು ಒಂದಕ್ಕಿಂತ ಹೆಚ್ಚು ದೇಶಗಳು ಹೇಳಿಕೊಳ್ಳುತ್ತವೆ. ಹತ್ಯಾಕಾಂಡಕ್ಕೆ ನೆಪವಾದ ಗಡಿಗಳು ಎಷ್ಟು ಇತ್ತೀಚಿನವು ಎಂಬುದನ್ನು ಭಾಷಣವಿಲ್ಲದೆ ತೋರಿಸಲು ಈ ಸೋದರರಿಗಿಂತ ತಕ್ಕ ನೆಪ ಸಿಗುತ್ತಿರಲಿಲ್ಲ.

ಪಯಣ ಗ್ರೀಸಿನ ಫ್ಲೋರಿನಾದಿಂದ ಅಲ್ಬೇನಿಯಾ, ಮ್ಯಾಸಿಡೋನಿಯಾ, ಬಲ್ಗೇರಿಯಾ, ರುಮೇನಿಯಾ, ಬೆಲ್‌ಗ್ರೇಡ್‌ ದಾಟಿ ಸರಾಯೆವೊ ಮುಟ್ಟುತ್ತದೆ. ದಶಕಗಳ ನಂತರ ತಂಗಿಯನ್ನು ನೋಡಲು ಟ್ಯಾಕ್ಸಿ ಹತ್ತಿದ ಮುದುಕಿ ಅಲ್ಬೇನಿಯಾದ ಖಾಲಿ ಚೌಕದಲ್ಲಿ ಕೈಚೀಲ ಹಿಡಿದು ಒಬ್ಬಳೇ ಉಳಿಯುತ್ತಾಳೆ. ತುಂಡು ತುಂಡಾದ ಲೆನಿನ್‌ ಪ್ರತಿಮೆ ದೋಣಿಯೇರಿ ಡ್ಯಾನ್ಯೂಬ್‌ ನದಿಯಲ್ಲಿ ಸಾಗುವಾಗ ದಡದ ಜನ ಮಂಡಿಯೂರಿ ಶಿಲುಬೆಯ ಗುರುತು ಮಾಡುತ್ತಾರೆ. ಈ ದೃಶ್ಯವನ್ನು ಹೊಗಳದವರಿಲ್ಲ.

ಅದಕ್ಕಿಂತ ಆಳವಾಗಿ ನಾಟುವುದು ರುಮೇನಿಯಾದ ಕಾನ್‌ಸ್ಟಾಂಟ್ಸಾದ ಮನೆಯ ದೃಶ್ಯ. ಹಾರ್ವಿ ಕೈಟೆಲ್‌ ಅಭಿನಯದ ನಾಯಕ ತನ್ನ ಬಾಲ್ಯದ ಮನೆಯೊಳಕ್ಕೆ ಕಾಲಿಡುತ್ತಾನೆ. ನಡುವಯಸ್ಸಿನ ಅವನನ್ನು ತಾಯಿ ಮಗುವೆಂಬಂತೆ ಕರೆಯುತ್ತಾಳೆ. 1945ರ ಹೊಸವರ್ಷದ ಸಂಭ್ರಮ, ಕುಣಿತ. ಕ್ಯಾಮೆರಾ ನಿಲ್ಲುವುದಿಲ್ಲ, ಕತ್ತರಿ ಬೀಳುವುದಿಲ್ಲ. ಅದೇ ಕುಣಿತ ಮುಂದುವರಿಯುತ್ತಿದ್ದಂತೆ ವರ್ಷಗಳು ಉರುಳುತ್ತವೆ. ಪೊಲೀಸರು ಬಂದು ಒಬ್ಬರನ್ನು ಎಳೆದೊಯ್ಯುತ್ತಾರೆ. ಇನ್ನೊಂದು ಹೊಸವರ್ಷಕ್ಕೆ ಮನೆಯ ಪಿಯಾನೊ ಜಪ್ತಿಯಾಗುತ್ತದೆ. ಕೊನೆಗೆ ಮನೆಮಂದಿಯೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ರಾಜ್ಯವ್ಯವಸ್ಥೆ ಒಂದು ಮನೆಯನ್ನು ಹೇಗೆ ಬರಿದು ಮಾಡುತ್ತದೆ ಎಂಬುದು ಒಂದೇ ಶಾಟ್‌ನಲ್ಲಿ ಕಣ್ಣಿಗೆ ಕಟ್ಟುತ್ತದೆ. ನಿಧಾನ ಇಲ್ಲಿ ಶೋಕಿಯಲ್ಲ; ಕತ್ತರಿ ಹಾಕಿದ್ದರೆ ವರ್ಷಗಳು ಬೇರೆ ಬೇರೆಯಾಗಿ, ನಷ್ಟ ಬರೀ ಘಟನೆಗಳ ಪಟ್ಟಿಯಾಗುತ್ತಿತ್ತು.

ಚಿತ್ರ ತೆಗೆಯುವಾಗ ಸರಾಯೆವೊ ದಿಗ್ಬಂಧನದಲ್ಲಿತ್ತು. 1992ರ ಏಪ್ರಿಲ್‌ನಲ್ಲಿ ಶುರುವಾದ ಮುತ್ತಿಗೆ ಮುಗಿದದ್ದು 1996ರ ಫೆಬ್ರುವರಿಯಲ್ಲಿ. ಹಾಗಾಗಿ ಆ ಭಾಗವನ್ನು ಮೊಸ್ತಾರ್‌, ವುಕೊವಾರ್‌ಗಳಂತಹ ನಿಜವಾದ ಪಾಳುಬೀದಿಗಳಲ್ಲಿ ಚಿತ್ರೀಕರಿಸಿದರು. ಕಥೆಯ ಸರಾಯೆವೊದಲ್ಲಿ ಚಿತ್ರಸಂಗ್ರಹಾಲಯದ ಮುದುಕ ಇವೊ ಲೆವಿ, ರೀಲು ತೊಳೆಯುವ ಸರಿಯಾದ ರಾಸಾಯನಿಕ ಪಾಕಕ್ಕಾಗಿ ತಡಕಾಡುತ್ತಿರುತ್ತಾನೆ. ಆ ಪಾತ್ರ ಮಾಡಬೇಕಿದ್ದ ಇಟಲಿಯ ಜಾನ್‌ ಮರಿಯಾ ವೊಲೊಂಟೆ 1994ರ ಡಿಸೆಂಬರ್‌ನಲ್ಲಿ ಚಿತ್ರೀಕರಣದ ನಡುವೆಯೇ ತೀರಿಕೊಂಡರು. ಎರ್ಲಾಂಡ್‌ ಯೊಸೆಫ್‌ಸನ್‌ ಅದನ್ನು ಕೈಗೆತ್ತಿಕೊಂಡರು. ಪಾಕ ಕೊನೆಗೂ ಹದಕ್ಕೆ ಬರುತ್ತದೆ. ಮಂಜು ಕವಿದಿದೆ. ಸ್ನೈಪರ್‌ಗಳಿಗೆ ಏನೂ ಕಾಣದ ಆ ದಿನ ಊರಿಗೆ ಹಬ್ಬ. ಜನ ಮನೆ ಬಿಟ್ಟು ಬರುತ್ತಾರೆ, ವಾದ್ಯವೃಂದ ನುಡಿಸುತ್ತದೆ. ಇವೊ ಮನೆಯವರೊಡನೆ ತಿರುಗಾಡಲು ಹೊರಡುತ್ತಾನೆ. ಮುಂದೆಲ್ಲೋ ವಾಹನ ನಿಂತ ಸದ್ದು, ಗದರುವ ದನಿ, ಮೊರೆ, ಗುಂಡು. ಪರದೆಯ ಮೇಲೆ ಬಿಳಿ ಮಂಜಲ್ಲದೆ ಏನೂ ಇಲ್ಲ.

ರೀಲು ಸಿಕ್ಕಿತು, ಅದನ್ನು ಉಳಿಸಿದವನು ಸತ್ತ. ಆತ್ಮರತಿಯ ಆರೋಪಕ್ಕೆ ಚಿತ್ರ ಕೊಡುವ ಉತ್ತರ ಇದು, ಮತ್ತು ಅದು ನಾಯಕನನ್ನು ಪಾರುಮಾಡುವ ಉತ್ತರವಲ್ಲ. ಅವನು ರೀಲು ನೋಡಿ ಅಳುತ್ತಾನೆ. ನಮಗೆ ಅದರೊಳಗಿನದು ಕಾಣುವುದೇ ಇಲ್ಲ. ಕೊಲೆಯನ್ನು ಕಣ್ಣಿಗೆ ಒಡ್ಡದಿರುವುದೂ ಸರಿಯಾದ ನಿಲುವು. ಆ ದಿನಗಳಲ್ಲಿ ಹೆಣಗಳ ದೃಶ್ಯ ಪ್ರತಿ ರಾತ್ರಿ ಯುರೋಪಿನ ಟಿ.ವಿ.ಗಳಲ್ಲಿ ಬರುತ್ತಿತ್ತು, ಅದರಿಂದ ಮುತ್ತಿಗೆಯೇನೂ ಬೇಗ ಮುಗಿಯಲಿಲ್ಲ.

ದೋಷಗಳಿಲ್ಲವೆಂದಲ್ಲ. ಕೈಟೆಲ್‌ ಬಾಯಲ್ಲಿ ಕೆಲವು ಇಂಗ್ಲಿಷ್‌ ಮಾತುಗಳು ಪಾಠ ಒಪ್ಪಿಸಿದಂತಿವೆ. ಮಾಯಾ ಮೊರ್ಗೆನ್‌ಸ್ಟೆರ್ನ್‌ ಒಬ್ಬರಿಗೇ ಹಲವು ಸ್ತ್ರೀಪಾತ್ರಗಳನ್ನು ಕೊಟ್ಟಿದ್ದರಿಂದ ಯಾವ ಹೆಂಗಸಿಗೂ ತನ್ನದೇ ಬದುಕು ದಕ್ಕಿಲ್ಲ. ಎಲೆನಿ ಕರಾಯಿಂದ್ರೌ ಅವರ ವಯೊಲಾ ಸಂಗೀತ ಹಲವೆಡೆ ಮಾತಿನ ಕೊರತೆಯನ್ನು ತುಂಬುತ್ತದೆ.

ಇವೊ ಲೆವಿಯಂಥವರು ಕಥೆಯಲ್ಲಷ್ಟೇ ಇಲ್ಲ. 1992ರ ಆಗಸ್ಟ್‌ನಲ್ಲಿ ಶೆಲ್‌ ದಾಳಿಗೆ ಸರಾಯೆವೊದ ರಾಷ್ಟ್ರೀಯ ಗ್ರಂಥಾಲಯ ಹೊತ್ತಿ ಉರಿದಾಗ ಗುಂಡಿನ ನಡುವೆಯೇ ಜನ ಪುಸ್ತಕಗಳನ್ನು ಹೊರಗೆ ಸಾಗಿಸಿದರು. ಎಲ್ಲ ಕಡೆ ಹೀಗೆ ಉಳಿಸಿಕೊಳ್ಳಲಾಗಲಿಲ್ಲ; 1982ರ ಬೈರೂತ್‌ ಮುತ್ತಿಗೆಯಲ್ಲಿ ಪ್ಯಾಲೆಸ್ಟೀನಿಯರ ಚಿತ್ರಸಂಗ್ರಹ ಕಾಣೆಯಾಯಿತು. ಮೊದಲ ತಾಲಿಬಾನ್‌ ಆಡಳಿತದಲ್ಲಿ ಕಾಬೂಲ್‌ನ ಅಫ್ಘಾನ್‌ ಫಿಲ್ಮ್‌ ನೌಕರರು ಜೀವ ಒತ್ತೆಯಿಟ್ಟು ರೀಲುಗಳನ್ನು ಸುಳ್ಳು ಗೋಡೆಯ ಹಿಂದೆ ಬಚ್ಚಿಟ್ಟರು. ಅವರಿಗೆ ಅದು ಹವ್ಯಾಸವಾಗಿರಲಿಲ್ಲ. ತಮ್ಮ ಜನ ಹಿಂದೊಮ್ಮೆ ಹೇಗೆ ನಕ್ಕಿದ್ದರು, ಏನು ಉಟ್ಟಿದ್ದರು ಎಂಬ ಸಾಕ್ಷಿ ಅಳಿದರೆ, ಅವರು ಇರಲೇ ಇಲ್ಲ ಎನ್ನುವುದು ಕೊಲ್ಲುವವರಿಗೆ ಸಲೀಸಾಗುತ್ತದೆ.

ಕರ್ನಾಟಕದ ಚಿತ್ರಸಮಾಜಗಳು ಈ ಸಿನಿಮಾವನ್ನು ‘ಅಂಡರ್‌ಗ್ರೌಂಡ್‌’ ಜೊತೆಗೇ, ಒಂದರ ಬೆನ್ನಿಗೆ ಒಂದರಂತೆ ತೋರಿಸಬೇಕು. ಒಂದು ಯುದ್ಧವನ್ನು ಕಹಳೆ, ಕುಡಿತ, ಅಬ್ಬರದ ಜಾತ್ರೆಯಾಗಿಸುತ್ತದೆ. ಇನ್ನೊಂದು ಮಂಜಿನಲ್ಲಿ ಕಿವಿಗೊಟ್ಟು ನಿಲ್ಲಿಸುತ್ತದೆ. ಕಾನ್‌ ತೀರ್ಪುಗಾರರ ಆಯ್ಕೆ ಸರಿಯಿತ್ತೇ ಎಂಬುದನ್ನು ಆಮೇಲೆ ನೋಡುಗರೇ ವಾದಿಸಲಿ.