ಎಂಟು ಗಂಟೆ ನಿದ್ರೆ ಅತಿಯಾಯಿತೆ?

ಅನಿಲ ಕೊಳವೆಮಾರ್ಗಗಳ ನಿಯಂತ್ರಣ ಕೊಠಡಿಗಳಿಗೆ ಅಮೆರಿಕ 2009ರಲ್ಲಿ ರೂಪಿಸಿದ ನಿಯಮ ಅತಿಯಾಯಿತು, ಆಯಾಸವನ್ನು ಅಳೆಯಲಾಗದು, ಕಂಪನಿಗಳ ವಿವೇಚನೆಗೇ ಬಿಡಬೇಕಿತ್ತು ಎಂದು ಕಳೆದ ಸಂಚಿಕೆಯ ಲೇಖಕರು ವಾದಿಸಿದ್ದಾರೆ. ಇದನ್ನು ಒಪ್ಪಲಾಗದು. ಆಯಾಸ ಅಳೆಯಿರಿ ಎಂದು ಆ ನಿಯಮ ಹೇಳುವುದೇ ಇಲ್ಲ. ಕೊಠಡಿಯಲ್ಲಿ ದುಡಿಯುವವರಿಗೆ ಎಂಟು ಗಂಟೆ ಸತತ ನಿದ್ರೆಗೆ ಸಾಲುವಷ್ಟು ಬಿಡುವು ಕೊಡಿ, ದುಡಿಮೆಯ ಅವಧಿಗೆ ಮಿತಿ ಹಾಕಿ, ಒಬ್ಬೊಬ್ಬರ ಕೆಲಸದ ಹೊರೆಯನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ ಎನ್ನುತ್ತದೆ.

ಹೊರೆ ಎಂದರೇನು ಎಂದು ಕೇಳುವವರು 2010ರ ಸೆಪ್ಟೆಂಬರ್ 9ರ ಸಂಜೆಯನ್ನು ನೋಡಲಿ. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್ ಅನಿಲ ಟರ್ಮಿನಲ್‌ನಲ್ಲಿ ವಿದ್ಯುತ್ ಕಾಮಗಾರಿ ನಡೆದಿತ್ತು. ಒತ್ತಡ ನಿಯಂತ್ರಿಸುವ ವಾಲ್ವ್‌ಗಳು ತೆರೆದುಕೊಂಡವು, ನಿಯಂತ್ರಣ ಕೊಠಡಿಯ ಪರದೆಗಳ ಮೇಲೆ ಎಚ್ಚರಿಕೆಗಳ ಪ್ರವಾಹವೇ ಹರಿಯಿತು. 6:11ಕ್ಕೆ, ಆ ಟರ್ಮಿನಲ್‌ನಿಂದ ಹೊರಟ ಕೊಳವೆ ಸ್ಯಾನ್ ಬ್ರೂನೋದಲ್ಲಿ ಸಿಡಿಯಿತು. ಅನಿಲ ನಿಲ್ಲಿಸಲು 95 ನಿಮಿಷ ಬೇಕಾಯಿತು. ಎಂಟು ಮಂದಿ ಸತ್ತರು. ಸಿಡಿತಕ್ಕೆ ಕಾರಣ ದೋಷಪೂರಿತ ಬೆಸುಗೆ; ಅನಿಲ ತಡೆಯುವ ಸ್ವಯಂಚಾಲಿತ ವಾಲ್ವ್‌ಗಳೂ ಇರಲಿಲ್ಲ. ನಿದ್ದೆಗೆಟ್ಟವರನ್ನು ಇಲ್ಲಿ ದೂರುವಂತಿಲ್ಲ. ಆದರೆ ರಾಶಿ ಎಚ್ಚರಿಕೆಗಳಲ್ಲಿ ನಿಜವಾದದ್ದು ಯಾವುದೆಂದು ಹೆಕ್ಕಬೇಕಾದವರು ಮನುಷ್ಯರೇ. ಅದೇ ಕೆಲಸ ರಾತ್ರಿ ಮೂರು ಗಂಟೆಗೆ, ಹನ್ನೆರಡು ಗಂಟೆಯ ಪಾಳಿಯ ಕೊನೆಗೆ ಬಿದ್ದರೆ?

ನನ್ನ ತಕರಾರು ತದ್ವಿರುದ್ಧ. ಗಂಟೆಗಳ ಮಿತಿ ಎಷ್ಟೆಂಬುದನ್ನು ನಿಯಮ ಕಂಪನಿಗಳಿಗೇ ಬಿಟ್ಟಿದೆ. ಆ ಅಂಕಿ ಕಾನೂನಿನಲ್ಲೇ ಇರಬೇಕು. ಪಾಳಿಪಟ್ಟಿ ಬರೆಯುವಾಗ ಕೊಳವೆಯ ಅಕ್ಕಪಕ್ಕ ಮಲಗುವವರ ಪರವಾಗಿ ಮಾತಾಡಲು ಬೇರೆ ಯಾರಿದ್ದಾರೆ?